ಎಡಗಡೆಯ ಚಿತ್ರದ ಮನೆ

ಸೋಮವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ರೈಲು ನಿಲ್ದಾಣದ ಎದುರು ಫಲಕವೊಂದು ಎದ್ದು ನಿಂತಿತು. ಎರಡು ಕಬ್ಬಿಣದ ಕಂಬ, ನಡುವೆ ತಗಡು, ತಗಡಿನ ಮೇಲೆ ಎರಡು ಮನೆಗಳ ಬಣ್ಣದ ಚಿತ್ರ. ಎಡಗಡೆಯ ಚಿತ್ರದ ಮೇಲೆ ‘ಅಂದು’ ಎಂದೂ ಬಲಗಡೆಯ ಚಿತ್ರದ ಮೇಲೆ ‘ಇಂದು’ ಎಂದೂ ಕಬ್ಬಿಣದ ಅಕ್ಷರಗಳನ್ನು ಕತ್ತರಿಸಿ ಬೆಸುಗೆ ಹಾಕಿದ್ದರು. ಕೆಳಗೆ ‘ನಮ್ಮ ನಗರ ಮತ್ತೆ ಎದ್ದು ನಿಲ್ಲುತ್ತಿದೆ’ ಎಂಬ ಸಾಲು. ಅದರ ಕೆಳಗೆ ನಗರಸಭೆಯ ನವೀಕರಣ ವಿಭಾಗದ ಮುದ್ರೆ.

ಎಂಟು ಗಂಟೆಗೆ ಕ್ಷೌರದ ಅಂಗಡಿಯವನು ತನ್ನ ಶಟರನ್ನು ಅರ್ಧಕ್ಕೇ ಬಿಟ್ಟು ಪಕ್ಕದ ಕನ್ನಡಕದ ಅಂಗಡಿಗೆ ಓಡಿಬಂದ.

“ಸಾರ್, ನಿಮ್ಮ ಮನೆ ಬೋರ್ಡಿನಲ್ಲಿ ಬಂದಿದೆ! ಸ್ಟೇಷನ್ ಎದುರಿಗೆ! ಲಾರಿ ಗಾತ್ರದ ಬೋರ್ಡು!”

ಇಂಥ ಸುದ್ದಿ ಬಂದಾಗ ವಿವೇಕವಂತರು ಒಂದು ಪ್ರಶ್ನೆ ಕೇಳುತ್ತಾರೆ: ಯಾವ ಕಡೆ? ಕನ್ನಡಕದವರು ಅದನ್ನು ಕೇಳಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಂಡರು, ತಲೆ ಬಾಚಿಕೊಂಡರು, ಫೋನ್ ಎತ್ತಿಕೊಂಡು ರಾಜಧಾನಿಯಲ್ಲಿದ್ದ ಹೆಂಡತಿಗೆ ಕರೆ ಮಾಡಿದರು.

“ನಮ್ಮ ಮನೆ ಸರ್ಕಾರಿ ಬೋರ್ಡಿನಲ್ಲಿ ಬಂದಿದೆ ಕಣೆ. ಊರು ಹೇಗೆ ಉದ್ಧಾರವಾಯ್ತು ಅಂತ ತೋರಿಸೋಕೆ ನಮ್ಮ ಮನೇನೇ ಆರಿಸಿದ್ದಾರೆ.”

“ನಿಜವಾಗ್ಲೂ ಏನ್ರೀ? ಯಾರೋ ತಮಾಷೆಗೆ ಹೇಳಿದ್ದಲ್ಲ ತಾನೆ?”

“ನಗರಸಭೆಯವರು ತಮಾಷೆ ಮಾಡ್ತಾರೇನೆ?”

“ಹಾಗಿದ್ರೆ ಶನಿವಾರ ಬರ್ತೀನಿ. ತಮ್ಮನೂ ಬರ್ತಾನೆ. ಮನೆ ಮನೆ ಥರ ಇದ್ರೆ ಸಾಮಾನು ಲಾರಿಗೆ ಹಾಕ್ಸೋದು. ಇಲ್ದಿದ್ರೆ ಅದೇ ಸಂಜೆ ರೈಲಿಗೆ ವಾಪಸ್. ಆಮೇಲೆ ನನ್ನ ಕೇಳ್ಬೇಡಿ.”

ಈ ಕೊನೆಯ ಮಾತಿಗೆ ಹಿನ್ನೆಲೆ ಇದೆ. ಮನೆ ಕೊಂಡ ದಿನ ಕನ್ನಡಕದವರು ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸಿದ್ದರು. ಚಿತ್ರದಲ್ಲಿ ಗೋಡೆಯ ಬಿರುಕಿನಿಂದ ಗಿಡವೊಂದು ಹೊರಬಂದು ಬಿಸಿಲು ಕಾಯುತ್ತಿತ್ತು. ಹೆಂಡತಿ ಅದನ್ನು ನೋಡಿ ಪೆಟ್ಟಿಗೆಗಳಿಗೆ ಹಗ್ಗ ಬಿಗಿದು ತಮ್ಮನ ಮನೆ ಸೇರಿದರು. “ಇದು ಮನೆ ಆದ ದಿನ ಹೇಳಿ” ಎಂದರು. ಅಂದಿನಿಂದ ಕನ್ನಡಕದವರು ಒಬ್ಬರೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಅದು ಬೇಯುತ್ತಿತ್ತು ಎಂಬುದಕ್ಕೆ ಅವರ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ.

ಮಧ್ಯಮ ಗಾತ್ರದ ಈ ನಗರದಲ್ಲಿ ಮನೆ ಕೊಂಡದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ರಾಜಧಾನಿಯಲ್ಲಿ ಅವರ ಜೀವಮಾನದ ಉಳಿತಾಯಕ್ಕೆ ಸಿಗುತ್ತಿದ್ದದ್ದು ಕಾರು ನಿಲ್ಲಿಸುವ ಜಾಗ, ಕಾರನ್ನು ಬಿಟ್ಟು. ಇಲ್ಲಿ ಅದೇ ಹಣಕ್ಕೆ ಮೂರು ಕೋಣೆ, ಅಡುಗೆಮನೆ, ಹಿತ್ತಲು ಮತ್ತು ಮಹಡಿಗೆ ಹೋಗುವ ಮೆಟ್ಟಿಲು ಸಿಕ್ಕಿದ್ದವು. ಮೆಟ್ಟಿಲು ಮುಗಿದಲ್ಲಿ ಮಹಡಿ ಇರಲಿಲ್ಲ, ಆಕಾಶವಿತ್ತು. ನೂಲಿನ ಗಿರಣಿ ಮುಚ್ಚಿದ ಮೇಲೆ ಬಹುಕಾಲ ಮಲಗಿದ್ದ ಊರು ಈಗ ಎದ್ದಿದೆ ಎಂಬುದಕ್ಕೂ ಪುರಾವೆಗಳಿದ್ದವು: ಗಿರಣಿಯ ಗೋದಾಮಿನಲ್ಲಿ ಕಾಫಿ ಅಂಗಡಿ, ಬಾಯ್ಲರ್ ಕೋಣೆಯಲ್ಲಿ ಚಿತ್ರಕಲಾ ಶಾಲೆ, ಬೀದಿಯ ದೀಪದ ಕಂಬಗಳಲ್ಲಿ ದೀಪ.

ತಪ್ಪು ಆಮೇಲೆ ಆಯಿತು. ಕನ್ನಡಕ ಮಾಡಿಸಿಕೊಳ್ಳಲು ಬಂದ ಮನೆಗಳ ವಿನ್ಯಾಸ ಮಾಡುವ ಡಿಸೈನರಮ್ಮನೊಬ್ಬರು, ಚೌಕಟ್ಟು ಆರಿಸುತ್ತಲೇ ಮನೆಯ ಫೋಟೋ ನೋಡಿದರು.

“ಇದಕ್ಕೆ ದಯವಿಟ್ಟು ಪ್ಲಾಸ್ಟರ್ ಮಾಡಿಸ್ಬೇಡಿ. ಪ್ಲಾಸ್ಟರ್ ಅನ್ನೋದು ಸುಳ್ಳು. ಇಟ್ಟಿಗೆ ಸತ್ಯ. ದೊಡ್ಡ ದೊಡ್ಡ ಊರುಗಳಲ್ಲಿ ಈಗ ಎಲ್ಲರೂ ಕೀಳಿಸ್ತಿದ್ದಾರೆ.”

ಕನ್ನಡಕದವರಿಗೆ ಈ ಮಾತು ನಾಟಿತು. ಅಳಿದುಳಿದ ಗಾರೆಯನ್ನೆಲ್ಲ ಕೀಳಿಸಿದರು. ಮೇಸ್ತ್ರಿ ಮೊದಲ ದಿನ ಕರಣೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ. “ಸಾರ್, ಗಾರೆ ಹಾಕೋಕೆ ಕೂಲಿ ಎಷ್ಟು ಅಂತ ಗೊತ್ತು. ಕೀಳೋಕೆ ಎಷ್ಟು ಅಂತ ಯಾರೂ ಇವತ್ತಿನವರೆಗೂ ಕೇಳಿಲ್ಲ” ಎಂದು, ಯೋಚಿಸಿ, ಒಂದೂವರೆ ಪಟ್ಟು ಕೇಳಿದ. ಕೊಟ್ಟರು. ಹೊಸ ಗೇಟು ತಂದರು. ಹೊಸದಾಗಿ ಕಾಣುತ್ತದೆಂದು ದಿನವೂ ಅದಕ್ಕೆ ಉಪ್ಪುನೀರು ಎರಚಿ ತುಕ್ಕು ಹಿಡಿಸಿದರು. ಕಿಟಕಿಯ ಬಾಗಿಲುಗಳ ಬಣ್ಣವನ್ನು ಉಜ್ಜಿ ತೆಗೆಸಿದರು. ಗಿಡವನ್ನು ಮಾತ್ರ, ಡಿಸೈನರಮ್ಮನ ಸಲಹೆಯನ್ನು ಮೀರಿ, ಕಿತ್ತು ಹಾಕಿದರು. ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಮನೆ ಸತ್ಯಮಯವಾಗಿ ನಿಂತಿತು.

ಈಗ ಸೋಮವಾರಕ್ಕೆ ಮರಳಬಹುದು. ಹೆಂಡತಿಯೊಂದಿಗೆ ಮಾತು ಮುಗಿಸಿ ಕನ್ನಡಕದವರು ನಿಲ್ದಾಣಕ್ಕೆ ನಡೆದರು. ಫಲಕದ ಮುಂದೆ ಸಣ್ಣ ಗುಂಪು ಸೇರಿತ್ತು. ಅವರು ನಗುಮುಖದಿಂದ ಗುಂಪಿನೊಳಗೆ ನುಗ್ಗಿ ಬಲಗಡೆಯ ಚಿತ್ರ ನೋಡಿದರು. ಅದು ಅವರ ಎದುರುಮನೆ. ನಿವೃತ್ತ ಬಸ್ ಕಂಡಕ್ಟರರದ್ದು. ಅದರ ಮುಂಗೋಡೆಗೆ ಮೇಲಿಂದ ಕೆಳಗಿನವರೆಗೂ ಸ್ನಾನದ ಮನೆಯ ಟೈಲ್ಸ್ ಅಂಟಿಸಿದ್ದಾರೆ. ಗುಲಾಬಿ ಬಣ್ಣ, ನಡುನಡುವೆ ಹಸಿರು ಮೀನು.

ಅವರು ಎಡಕ್ಕೆ ತಿರುಗಿದರು.

ಇಟ್ಟಿಗೆ, ತುಕ್ಕು, ಬಣ್ಣಗೆಟ್ಟ ಕಿಟಕಿ. ಗೇಟಿನ ಬಳಿ ತೂತುಬಿದ್ದ ಬನಿಯನ್ನು ತೊಟ್ಟ ವ್ಯಕ್ತಿಯೊಬ್ಬ ಮಗ್ಗು ಹಿಡಿದು ನಿಂತಿದ್ದ. ಅದು ಉಪ್ಪುನೀರಿನ ಮಗ್ಗು. ವ್ಯಕ್ತಿ ಕನ್ನಡಕದವರೇ.

“ಪಾಪ, ಆ ಮನುಷ್ಯನ ಮುಖ ನೋಡಿ” ಎಂದರು ಗುಂಪಿನಲ್ಲಿದ್ದ ಹೆಂಗಸೊಬ್ಬರು. “ನಲ್ಲೀಲಿ ನೀರೂ ಬರ್ತಿರಲಿಲ್ವೇನೋ.”

“ಈಗ ಎಲ್ಲಿದ್ದಾನೋ” ಎಂದರು ಪಕ್ಕದವರು.

“ಇಲ್ಲೇ ಇದ್ದೀನಿ!” ಎಂದು ಕೂಗಿದರು ಕನ್ನಡಕದವರು.

ಗುಂಪು ಅವರನ್ನು ನೋಡಿತು. ಫಲಕವನ್ನು ನೋಡಿತು. ಆಮೇಲೆ ಒಬ್ಬ ಮುದುಕರು ಅವರ ಕೈಹಿಡಿದು, “ಈಗ ಚೆನ್ನಾಗಿದ್ದೀರಲ್ಲ, ಅಷ್ಟು ಸಾಕು” ಎಂದರು.

ಬೀದಿಗೆ ಮರಳುವಷ್ಟರಲ್ಲಿ ಕಂಡಕ್ಟರರು ತಮ್ಮ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಅಭಿನಂದನೆ ಸ್ವೀಕರಿಸುತ್ತಿದ್ದರು. ಗೆದ್ದವರ ಔದಾರ್ಯ ಅವರಲ್ಲಿ ತುಂಬಿತ್ತು.

“ಬನ್ನಿ ಬನ್ನಿ, ಮುಂದೆ ಬನ್ನಿ. ಬೇಜಾರು ಮಾಡ್ಕೊಬೇಡಿ. ನಿಮ್ಮ ಮನೆ ಅಲ್ಲಿಲ್ದಿದ್ರೆ ನನ್ನ ಮನೆ ಇಷ್ಟು ಎದ್ದು ಕಾಣ್ತಿರಲಿಲ್ಲ.”

ಇಲ್ಲಿ ಕನ್ನಡಕದವರ ವೃತ್ತಿ ಕೆಲಸ ಮಾಡಿತು. ಬೇರೆ ಯಾರಾದರೂ ಆಗಿದ್ದರೆ ಜಗಳ ಆಡುತ್ತಿದ್ದರು, ಇಲ್ಲವೇ ತಮ್ಮ ಅಭಿರುಚಿಯನ್ನೇ ಅನುಮಾನಿಸುತ್ತಿದ್ದರು. ಅವರಿಗೆ ಮಾತ್ರ ಬೇರೆಯೇ ಹೊಳೆಯಿತು. ಇಪ್ಪತ್ತೈದು ವರ್ಷಗಳ ಅನುಭವದಲ್ಲಿ, ಎದುರಿಗಿರುವುದನ್ನು ಕಾಣದವರಲ್ಲಿ ಅವರು ಒಂದೇ ಕಾಯಿಲೆಯನ್ನು ಕಂಡಿದ್ದರು.

“ಸ್ವಾಮಿ, ಎಡಗಣ್ಣು ಮುಚ್ಕೊಳ್ಳಿ” ಎಂದರು.

“ಯಾಕೆ?”

“ಮುಚ್ಕೊಳ್ಳಿ. ಬೀದಿ ಕೊನೇಲಿ ಬಸ್ಸು ಬರ್ತಿದೆಯಲ್ಲ, ನಂಬರ್ ಏನು?”

“ಹದಿನೇಳು ಬಿ. ಹತ್ತು ನಿಮಿಷ ಲೇಟು. ಡ್ರೈವರ್ ಗಡ್ಡ ಬೋಳಿಸಿಲ್ಲ. ಮುಂದಿನ ಎಡ ಚಕ್ರಕ್ಕೆ ಗಾಳಿ ಕಮ್ಮಿ.”

ಕಂಡಕ್ಟರರ ಕಣ್ಣು ನಿರ್ದೋಷವಾಗಿತ್ತು. ಕನ್ನಡಕದವರಿಗೆ ಇದು ಮೊದಲ ಆಘಾತ.

ಮಂಗಳವಾರ ಅವರು ನಗರಸಭೆಗೆ ಹೋದರು. ನವೀಕರಣ ವಿಭಾಗ ಮೂರನೇ ಮಹಡಿಯಲ್ಲಿದೆ. ಅಲ್ಲಿಗೆ ಹೋಗುವ ಲಿಫ್ಟು ನವೀಕರಣದಲ್ಲಿತ್ತು. ಅಧಿಕಾರಿ ಕನ್ನಡಕ ಹಾಕಿದ್ದರು. ಅದನ್ನು ಕಂಡೊಡನೆ ಕನ್ನಡಕದವರಿಗೆ ಧೈರ್ಯ ಬಂತು.

“ನಿಮ್ಮ ಬೋರ್ಡಿನ ಎಡಗಡೆ ಇರೋದು ನನ್ನ ಮನೆ. ಅದು ಇರಬೇಕಾದ ಜಾಗ ಅದಲ್ಲ.”

“ಒಪ್ತೀನಿ” ಎಂದರು ಅಧಿಕಾರಿ, ತುಂಬ ಸಹಾನುಭೂತಿಯಿಂದ. “ಯಾರಿಗೂ ಅಂಥ ಜಾಗದಲ್ಲಿ ಇರೋಕೆ ಇಷ್ಟ ಇರಲ್ಲ.”

“ಅದು ಹಳೇ ಮನೆ ಅಲ್ಲ ಸಾರ್. ಮೇ ತಿಂಗಳಲ್ಲಿ ಕೆಲಸ ಮುಗಿದಿದೆ. ಆ ಚಿತ್ರ ಯಾವಾಗ ತೆಗೆದದ್ದು?”

ಅಧಿಕಾರಿ ಕಂಪ್ಯೂಟರ್ ನೋಡಿದರು. “ಇಂದು ಅಂತ ಇದೆಯಲ್ಲ, ಅದನ್ನ ಮಾರ್ಚ್‌ನಲ್ಲಿ ತೆಗೆದ್ವಿ. ಅಂದು ಅನ್ನೋದನ್ನ ಜೂನ್‌ನಲ್ಲಿ.”

“ಅಂದಿನ ಚಿತ್ರಾನ ಇಂದಿನ ಚಿತ್ರ ಆದ ಮೇಲೆ ತೆಗೆದ್ರಾ?”

“ಏನು ಮಾಡೋದು ಹೇಳಿ? ಒಳ್ಳೇ ಮನೆ ತಕ್ಷಣ ಸಿಕ್ತು. ಕೆಟ್ಟದ್ದು ಹುಡುಕೋಕೆ ಮೂರು ತಿಂಗಳು ಹಿಡೀತು. ಊರು ಎಷ್ಟು ಸುಧಾರಿಸಿದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ?”

ಕನ್ನಡಕದವರು ಎದ್ದು ನಿಂತರು. “ನಿಮ್ಮ ಕನ್ನಡಕ ಯಾವ ಅಂಗಡೀದು? ಆ ಗೋಡೇಲಿರೋ ಕ್ಯಾಲೆಂಡರಿನ ಕೊನೇ ಸಾಲು ಓದಿ.”

ಅಧಿಕಾರಿ ಕುಳಿತಲ್ಲಿಂದಲೇ ಮುದ್ರಕರ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಓದಿದರು. ಆಮೇಲೆ ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು. “ಇದು ಸುಮ್ಮನೆ ಹಾಕ್ಕೊಳ್ಳೋದು. ಅಧಿಕಾರಿ ಥರ ಕಾಣಬೇಕಲ್ಲ.”

ಎರಡನೇ ಆಘಾತ. ಕನ್ನಡಕದವರು ಕುಸಿದು ಕೂತರು. ಅವರ ಕಣ್ಣಲ್ಲಿ ನೀರು ಬಂದಿತ್ತೆಂದು ಜವಾನ ಹೇಳುತ್ತಾನೆ. ಮೂರು ಮಹಡಿ ಹತ್ತಿದ ಬೆವರು ಎಂದು ಅವರು ಹೇಳುತ್ತಾರೆ.

“ಸಾರ್, ಶನಿವಾರ ನನ್ನ ಹೆಂಡತಿ ಬರ್ತಾಳೆ. ಅವಳು ನೋಡೋದ್ರೊಳಗೆ ಇದು ಸರಿಹೋಗ್ಬೇಕು. ಇಲ್ದಿದ್ರೆ ಅವಳು ಸಂಜೆ ರೈಲಿಗೆ ಹೊರಟುಹೋಗ್ತಾಳೆ.”

ಅಧಿಕಾರಿಯ ಮನಸ್ಸು ಕರಗಿತು. ಫಲಕದ ಚಿತ್ರ ತಪ್ಪಾಗಿರಬಹುದೆಂಬ ಯೋಚನೆ ಅವರ ತಲೆಗೆ ಬರಲೇ ಇಲ್ಲ. ಸರ್ಕಾರಿ ಫಲಕ ತಪ್ಪಾಗಲಾರದು. ಹಾಗಾಗಿ ಕೆಟ್ಟಿರುವುದು ಮನೆಯೇ. ಹೆಂಡತಿ ಬರುವ ಮುಂಚೆ ರಿಪೇರಿಯಾಗಬೇಕಾದದ್ದೂ ಮನೆಯೇ. ಕನ್ನಡಕದವರ ತಲೆಯಲ್ಲಿ ಇದ್ದದ್ದು ಫಲಕವೊಂದೇ. ಹೀಗೆ ಇಬ್ಬರೂ ಬೇರೆ ಬೇರೆ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡು ಪರಸ್ಪರ ಕೈಕುಲುಕಿದರು.

“ಶನಿವಾರ ನಾನೇ ಖುದ್ದಾಗಿ ನಿಂತು ಮಾಡಿಸ್ತೀನಿ” ಎಂದರು ಅಧಿಕಾರಿ. “ಒಂದು ಕಾಸೂ ಕೊಡಬೇಡಿ. ಯೋಜನೇಲಿ ಅವಕಾಶ ಇದೆ.”

ಈ ಸುದ್ದಿ ಜವಾನನ ಮೂಲಕ ಕನ್ನಡಕದವರಿಗಿಂತ ಮೊದಲೇ ಬೀದಿ ತಲುಪಿತು. ಬೀದಿಗೆ ತಲುಪಿದ ಆವೃತ್ತಿ ಸ್ಪಷ್ಟವಾಗಿತ್ತು: ಯಾರ ಮನೆ ಹಾಳುಬಿದ್ದಂತೆ ಕಾಣುತ್ತದೋ ಅವರಿಗೆ ನಗರಸಭೆ ಪುಕ್ಕಟೆ ಗಾರೆ, ಪುಕ್ಕಟೆ ಬಣ್ಣ.

ಬುಧವಾರ ಬೆಳಿಗ್ಗೆ ಕನ್ನಡಕದವರು ಕಿಟಕಿ ತೆರೆದಾಗ ಎಡಮನೆಯ ಔಷಧಿ ಅಂಗಡಿಯವರು ಸುತ್ತಿಗೆ ಹಿಡಿದು ತಮ್ಮ ಗೋಡೆಯ ಗಾರೆ ಕೀಳುತ್ತಿದ್ದರು. ಬಲಮನೆಯ ಟೈಲರಮ್ಮ ಕಿಟಕಿಯ ಬಣ್ಣ ಕೆರೆಯುತ್ತಿದ್ದರು. ಕನ್ನಡಕದವರ ಎದೆ ತುಂಬಿಬಂತು. ಊರಿಗೆ ಕಣ್ಣು ಬಂದಿದೆ ಎಂದುಕೊಂಡು ಹೊರಗೆ ಓಡಿದರು.

“ನನಗೆ ಗೊತ್ತಿತ್ತು! ಒಬ್ಬರು ಶುರು ಮಾಡಿದ್ರೆ ಸಾಕು ಅಂತ ನನಗೆ ಗೊತ್ತಿತ್ತು!”

“ನಿಮ್ಮ ಉಪಕಾರ ಸಾರ್” ಎಂದರು ಔಷಧಿಯವರು, ಧೂಳಿನ ನಡುವಿನಿಂದ. “ಅಂದ್ಹಾಗೆ ಗೇಟಿಗೆ ತುಕ್ಕು ಹೇಗೆ ಹಿಡಿಸಿದ್ರಿ? ನಮ್ಮದು ಎಷ್ಟು ಬೈದ್ರೂ ಹಿಡೀತಿಲ್ಲ.”

ಕನ್ನಡಕದವರು ಅರ್ಧ ಗಂಟೆ ನಿಂತು ಪಾಠ ಮಾಡಿದರು. ಉಪ್ಪು ಎಷ್ಟು, ನೀರು ಎಷ್ಟು, ಯಾವ ಹೊತ್ತಿನಲ್ಲಿ ಎರಚಬೇಕು, ಯಾಕೆ ಒರೆಸಬಾರದು. ಟೈಲರಮ್ಮ ಗಮನವಿಟ್ಟು ಕೇಳಿ, “ಒಡೆದ ಹೂಕುಂಡ ಮುಂದಿಟ್ರೆ ಒಳ್ಳೇದಾ ಅಣ್ಣಾ? ಇಲ್ಲಾ ಅತಿಯಾಯ್ತು ಅನ್ಸುತ್ತಾ?” ಎಂದು ಕೇಳಿದರು.

“ಒಂದೇ ಒಂದು ಇಡಿ. ಅಭಿರುಚಿ ಅಂದ್ರೆ ಸಂಯಮ.”

“ಅಧಿಕಾರಿಗೆ ಒಂದು ಸಾಕಾಗುತ್ತಾ?”

“ಯಾವ ಅಧಿಕಾರಿ?”

ಟೈಲರಮ್ಮ ವಿಷಯ ಹೇಳಿದರು. ಕನ್ನಡಕದವರ ಮುಖ ಅವರ ಮನೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

“ಅಂದ್ರೆ ನೀವು ನಿಮ್ಮ ಮನೇನ ಚೆಂದ ಮಾಡ್ತಿಲ್ವಾ? ಕೆಡಿಸ್ತಿದ್ದೀರಾ?”

“ಇನ್ನೇನು ಮತ್ತೆ? ನಿಮ್ಮ ಮನೆ ಮಟ್ಟಕ್ಕೆ ತರಬೇಡ್ವಾ?” ಎಂದರು ಔಷಧಿಯವರು, ಮುಗ್ಧವಾಗಿ. “ಆದ್ರೂ ಒಂದು ಮಾತು ಹೇಳ್ಬೇಕು ಸಾರ್, ನಿಮ್ಮ ಥರ ಕೆಡಿಸೋಕೆ ನಮ್ಮಿಂದ ಆಗಲ್ಲ. ಅದಕ್ಕೆ ಕೈಗುಣ ಬೇಕು.”

ಅಂದು ಸಂಜೆ ಕನ್ನಡಕದವರು ಅಂಗಡಿಯ ಅಕ್ಷರಗಳ ಚಾರ್ಟನ್ನು ತಂದು ಬೀದಿಯ ದೀಪದ ಕಂಬಕ್ಕೆ ಕಟ್ಟಿ, ಹೋಗುವವರು ಬರುವವರನ್ನೆಲ್ಲ ತಡೆದು ಕಣ್ಣು ಪರೀಕ್ಷಿಸಿದರು. ಶುಲ್ಕವಿಲ್ಲ ಎಂದು ತಿಳಿದು ಜನ ಸಾಲುಗಟ್ಟಿದರು. ಔಷಧಿಯವರು ಕೊನೆಯ ಸಾಲನ್ನು ಓದಿದರು. ಟೈಲರಮ್ಮ ಕೊನೆಯ ಸಾಲನ್ನು ಹಿಂದುಮುಂದಾಗಿ ಓದಿದರು. ಕ್ಷೌರದವನು ಚಾರ್ಟಿನ ಮೂಲೆಯಲ್ಲಿದ್ದ ನೊಣದ ಕಾಲುಗಳನ್ನು ಎಣಿಸಿದ. ಇಡೀ ಬೀದಿಯಲ್ಲಿ ದೃಷ್ಟಿದೋಷವಿದ್ದದ್ದು ಒಬ್ಬರಿಗೆ ಮಾತ್ರ. ಅವರು ಕಾಫಿ ಅಂಗಡಿಯಿಂದ ಮನೆಗೆ ಹೊರಟಿದ್ದ ಡಿಸೈನರಮ್ಮ. ಕಳೆದ ಸಲ ಮಾಡಿಸಿದ ಕನ್ನಡಕವನ್ನು ಅವರು ಮುಖಕ್ಕೆ ಹೊಂದುವುದಿಲ್ಲವೆಂದು ಹಾಕಿಕೊಳ್ಳುತ್ತಲೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಕನ್ನಡಕದವರು ಇಸ್ತ್ರಿ ಅಂಗಿ ತೊಟ್ಟು ನಿಲ್ದಾಣಕ್ಕೆ ಹೋದರು. ಫಲಕದಲ್ಲಿ ಏನೂ ಬದಲಾಗಿರಲಿಲ್ಲ. ಬನಿಯನ್ನಿನ ತೂತು ಕೂಡ ಹಾಗೆಯೇ ಇತ್ತು. ನಗರಸಭೆಗೆ ಕರೆ ಮಾಡಿದರೆ, “ಸಾಹೇಬರು ನಿಮ್ಮ ಕೆಲಸಕ್ಕೇ ಹೋಗಿದಾರೆ” ಎಂಬ ಉತ್ತರ ಬಂತು. ಹಾಗಾದರೆ ಇನ್ನೇನು ಏಣಿ ಬರುತ್ತದೆ ಎಂದು ಅವರು ರಸ್ತೆ ನೋಡುತ್ತ ನಿಂತರು. ಏಣಿ ಬರಲಿಲ್ಲ, ರೈಲು ಬಂತು.

“ಈ ಕಡೆ ಹೋಗೋಣ” ಎಂದರು ಅವರು, ಹೆಂಡತಿಯ ಚೀಲ ಎತ್ತಿಕೊಂಡು. “ಪಾರ್ಸೆಲ್ ಆಫೀಸಿನ ಹಿಂದಿನ ಗೇಟು. ಅಲ್ಲಿ ನೆರಳಿದೆ.”

“ನೆರಳು ಯಾರಿಗೆ ಬೇಕು ಭಾವ? ಬೋರ್ಡ್ ಎಲ್ಲಿ?” ಎಂದ ಭಾವಮೈದ. ಅವನದು ರಾಜಧಾನಿಯಲ್ಲಿ ಟೈಲ್ಸ್ ಅಂಗಡಿ. ಮನೆ ಕೊಂಡ ದಿನದಿಂದ ಅವನು ಭಾವನಿಗೆ ಹೇಳುತ್ತ ಬಂದದ್ದು ಒಂದೇ ಮಾತು, ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಮುಂದಿನ ಬಾಗಿಲಿನಿಂದಲೇ ಹೊರಬಂದರು. ಹೆಂಡತಿ ಫಲಕದ ಮುಂದೆ ನಿಂತರು. ಮೊದಲು ಎಡಗಡೆಯದನ್ನು ನೋಡಿದರು.

“ರೀ, ಇದು ನೀವೇ! ಹೌದು, ಆವತ್ತು ಫೋಟೋ ಕಳಿಸಿದ್ರಲ್ಲ, ಹೀಗೇ ಇತ್ತು. ಅಯ್ಯೋ, ಏನು ಅವತಾರ ರೀ ಇದು, ಆ ಬನಿಯನ್ನು ಇನ್ನೂ ಎಸೆದಿಲ್ವಾ?”

ಆಮೇಲೆ ಬಲಗಡೆಯದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅಂದು ಮತ್ತು ಇಂದು ಎಂದು ಬರೆದಿರುವಾಗ ಎರಡೂ ಒಂದೇ ಮನೆ ಎಂದು ತಿಳಿಯುವುದು ಯಾವ ಬುದ್ಧಿವಂತೆಯೂ ಮಾಡುವ ಕೆಲಸ.

“ಅದನ್ನ ಇದು ಮಾಡಿದ್ರಾ?” ಎಂದು ಕೇಳಿದರು, ದನಿ ತಗ್ಗಿಸಿ. “ಒಬ್ಬರೇ?”

“ಮೀನು ನೋಡಕ್ಕಾ, ಮೀನು!” ಎಂದು ಭಾವಮೈದ ಕನ್ನಡಕದವರ ಬೆನ್ನಿಗೆ ಬಡಿದ. “ಭಾವ, ಬಾಯಲ್ಲಿ ಬೇಡ ಬೇಡ ಅಂತ, ಒಳಗೊಳಗೇ ನನ್ನ ಮಾತು ಕೇಳಿದ್ರಲ್ಲ! ಬಿಲ್ಲು ನಮ್ಮ ಅಂಗಡೀಲೇ ಮಾಡಿಸ್ಬಹುದಿತ್ತು, ಇರಲಿ ಬಿಡಿ.”

ಕನ್ನಡಕದವರು ಬಾಯಿ ತೆರೆದರು. ಹೆಂಡತಿ ಎಷ್ಟೋ ತಿಂಗಳ ನಂತರ ಅವರನ್ನು ನೋಡಿ ನಗುತ್ತಿದ್ದರು. ಕನ್ನಡಕದವರು ಬಾಯಿ ಮುಚ್ಚಿದರು. ಮನೆವರೆಗೂ ಆಟೋದಲ್ಲಿ ಅವರು ಒಂದೂ ಮಾತಾಡಲಿಲ್ಲ. ಮಾಡಿದ್ದನ್ನು ಹೇಳಿಕೊಳ್ಳದ ಸ್ವಭಾವ ಎಂದು ಹೆಂಡತಿ ತಮ್ಮನಿಗೆ ವಿವರಿಸಿದರು.

ಬೀದಿಗೆ ಬಂದದ್ದೇ ಹೆಂಡತಿ ಗುಲಾಬಿ ಮನೆಯನ್ನು ಗುರುತು ಹಿಡಿದು, ಆಟೋ ನಿಲ್ಲುವ ಮುಂಚೆಯೇ ಇಳಿದು ಕಂಡಕ್ಟರರ ಗೇಟು ತೆಗೆದು ಒಳಗೆ ಹೋದರು. ಹಿಂದೆಯೇ ಭಾವಮೈದ. ಕನ್ನಡಕದವರೂ ಹೋಗುತ್ತಿದ್ದರು, ಆದರೆ ಅವರ ಬೆನ್ನ ಹಿಂದೆ, ಅವರದೇ ಮನೆಯ ಕಡೆಯಿಂದ, ಸದ್ದೊಂದು ಕೇಳಿಸಿತು. ಒದ್ದೆ ಗಾರೆ ಇಟ್ಟಿಗೆಗೆ ಬಡಿಯುವ ಸದ್ದು. ತಿರುಗಿ ನೋಡಿದರು.

ಮನೆಯ ಮುಂದೆ ಸಾರುವೆ ಕಟ್ಟಿತ್ತು. ಅದರ ಮೇಲೆ ನಾಲ್ಕು ಜನ ಗಾರೆಯವರು. ಕೆಳಗೆ ನವೀಕರಣ ವಿಭಾಗದ ಅಧಿಕಾರಿ, ಖುದ್ದಾಗಿ. ಬೆಳಗಿನಿಂದ ಕೆಲಸ ಮಾಡಿ ಎಡಗಡೆಯ ಅರ್ಧ ಗೋಡೆಯನ್ನು ನುಣ್ಣಗೆ ಮುಗಿಸಿ, ಮೇಲೆ ತೆಳು ಹಳದಿ ಬಣ್ಣವನ್ನೂ ಹೊಡೆದಾಗಿತ್ತು. ಬಲಗಡೆಯ ಅರ್ಧ ಇನ್ನೂ ಇಟ್ಟಿಗೆ.

“ನಿಲ್ಸಿ! ಯಾರ ಮನೆ ಅಂದ್ಕೊಂಡಿದ್ದೀರಿ? ಹಗಲು ಹೊತ್ತಿನಲ್ಲಿ ಗಾರೆ ಹಾಕ್ತಿದ್ದೀರಲ್ರೀ, ಪೊಲೀಸ್ ಇಲ್ವಾ ಈ ಊರಲ್ಲಿ?”

“ನಿಮ್ಮ ಮನೆಯವರು ಬರೋದ್ರೊಳಗೆ ಅಂತ ಹೇಳಿದ್ದು ನೀವೇ ತಾನೆ?” ಎಂದರು ಅಧಿಕಾರಿ, ಗಾಯಗೊಂಡವರ ದನಿಯಲ್ಲಿ. “ಶನಿವಾರ ರಜಾ ಬಿಟ್ಟು ಬಂದಿದೀನಿ.”

“ನಾನು ಹೇಳಿದ್ದು ಬೋರ್ಡು!”

“ಬೋರ್ಡಿಗೆ ಯಾರಾದ್ರೂ ಗಾರೆ ಹಾಕ್ತಾರೇನ್ರೀ?”

ಇತ್ತ ಎದುರುಮನೆಯಲ್ಲಿ ಹೆಂಡತಿ ಅಡುಗೆಮನೆ ನೋಡಿ ಮೆಚ್ಚಿ, ಬೀರುವನ್ನು ಎಡಗೋಡೆಗೆ ಸರಿಸಬೇಕೆಂದು ತಮ್ಮನಿಗೆ ಹೇಳಿ, ಒಳಗಿನ ಕೋಣೆಯಿಂದ ಬಂದ ಕಂಡಕ್ಟರರ ಹೆಂಡತಿಯನ್ನು ಕಂಡು, “ಪಾತ್ರೆ ಎಲ್ಲಾ ತೊಳೆದಾಯ್ತಾ ಅಮ್ಮಾ? ಸಂಬಳ ಎಷ್ಟು ಮಾತಾಡಿದಾರೆ ನಮ್ಮವರು?” ಎಂದು ಕೇಳಿದ್ದರು. ಮುಂದಿನ ಐದು ನಿಮಿಷಗಳಲ್ಲಿ ಅಲ್ಲಿ ನಡೆದ ಮಾತುಕತೆಯ ಬಗ್ಗೆ ಎರಡೂ ಮನೆಯವರು ಇಂದಿಗೂ ಬೇರೆ ಬೇರೆ ವಿವರ ಕೊಡುತ್ತಾರೆ. ಕಂಡಕ್ಟರರು ಕೊನೆಗೆ ತಮ್ಮ ಹಳೆಯ ಅಭ್ಯಾಸದಂತೆ, “ಇಳೀರಿ, ಇಳೀರಿ, ನಿಮ್ಮ ಸ್ಟಾಪು ಎದುರುಗಡೆ” ಎಂದು ಇಬ್ಬರನ್ನೂ ಗೇಟಿನವರೆಗೆ ಬಿಟ್ಟರು ಎಂಬುದಷ್ಟೇ ಖಚಿತ.

ಹೆಂಡತಿ ರಸ್ತೆ ದಾಟಿ ಬಂದರು. ಅರ್ಧ ಹಳದಿ, ಅರ್ಧ ಇಟ್ಟಿಗೆಯಾಗಿದ್ದ ಮನೆಯನ್ನು ನೋಡಿದರು. ತುಕ್ಕು ಹಿಡಿದ ಗೇಟನ್ನು ನೋಡಿದರು. ಸಾರುವೆಯ ಕಂಬವನ್ನು ತಬ್ಬಿಕೊಂಡು ಮೇಲಿದ್ದ ಗಾರೆಯವರನ್ನು ಕೆಲಸ ಮಾಡಲು ಬಿಡದೆ ನಿಂತಿದ್ದ ಗಂಡನನ್ನು ನೋಡಿದರು. ಹೆಂಡತಿಯ ಕಣ್ಣುಗಳನ್ನು ಪ್ರತಿ ವರ್ಷ ಪರೀಕ್ಷಿಸುತ್ತಿದ್ದದ್ದು ಗಂಡನೇ. ಅವುಗಳಲ್ಲಿ ದೋಷವಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವು ಕೊಡುವ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

“ಇದಾ?” ಎಂದರು.

“ಇದು” ಎಂದರು ಕನ್ನಡಕದವರು, ಕಂಬವನ್ನು ಬಿಡದೆ. “ಬೇಕಂತಲೇ ಹೀಗೆ ಮಾಡಿಸಿದ್ದು.”

“ದುಡ್ಡು ಕೊಟ್ಟು?”

“ಜಾಸ್ತಿ ಕೊಟ್ಟು.”

ಭಾವಮೈದ ಗಡಿಯಾರ ನೋಡಿಕೊಂಡ. “ನಡಿ ಅಕ್ಕ. ಸಂಜೆ ರೈಲಿಗೆ ಸೀಟು ಸಿಗುತ್ತೆ.”

ಹೆಂಡತಿ ಅಲುಗಾಡಲಿಲ್ಲ. ಬೀದಿಯೆಲ್ಲ ಹೊರಗೆ ಬಂದು ನಿಂತಿತ್ತು, ಔಷಧಿಯವರು ಸುತ್ತಿಗೆ ಸಮೇತ. ಆಗ ಅಧಿಕಾರಿ ಮುಂದೆ ಬಂದು ಕೈಮುಗಿದರು. ಅವರು ಸುಮ್ಮನಿದ್ದಿದ್ದರೆ ಈ ವರದಿ ಬೇರೆ ರೀತಿ ಮುಗಿಯುತ್ತಿತ್ತು.

“ಅಮ್ಮಾ, ನೀವಾದ್ರೂ ನಿಮ್ಮ ಯಜಮಾನರಿಗೆ ಬುದ್ಧಿ ಹೇಳಿ. ಈ ಹಾಳುಮನೇನ ಮನುಷ್ಯರು ವಾಸ ಮಾಡೋ ಥರ ಮಾಡ್ಕೊಡೋಣ ಅಂತ ನಾವು ಬಂದ್ರೆ...”

“ಏನಂದ್ರಿ?”

“ವಾಸ ಮಾಡೋ ಥರ...”

“ಅದಕ್ಕೂ ಮುಂಚೆ. ಯಾವ ಮನೆಗೆ ಹಾಳುಮನೆ ಅಂದ್ರಿ?”

ಅಧಿಕಾರಿ ಹಿಂದೆ ಸರಿದರು. ಹೆಂಡತಿ ಚೀಲವನ್ನು ಕೆಳಗಿಟ್ಟರು.

“ನೋಡಿ, ಈ ಗೋಡೆ ಚೆನ್ನಾಗಿಲ್ಲ. ನನಗೂ ಕಣ್ಣಿದೆ, ಕಾಣ್ಸುತ್ತೆ. ಆ ಗೇಟು ಮುಟ್ಟಿದ್ರೆ ಇಂಜೆಕ್ಷನ್ ತಗೋಬೇಕು. ಇದನ್ನೆಲ್ಲ ನಾನು ಇವರಿಗೆ ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ ಹೇಳ್ತೀನಿ, ಬದುಕಿರೋವರೆಗೂ ಹೇಳ್ತೀನಿ. ಅದು ನಾನು ಹೇಳೋ ಮಾತು. ನೀವು ಯಾರ್ರೀ ಹೇಳೋಕೆ? ಯಾರನ್ನ ಕೇಳಿ ನನ್ನ ಮನೆ ಬೋರ್ಡಿಗೆ ಹಾಕಿದ್ರಿ? ಯಾರನ್ನ ಕೇಳಿ ನನ್ನ ಮನೆಗೆ ಹಳದಿ ಬಳಿದ್ರಿ? ಇಳೀರಿ ಎಲ್ರೂ ಕೆಳಗೆ!”

ಗಾರೆಯವರು ಇಳಿದರು. ‘ನನ್ನ ಮನೆ’ ಎಂಬ ಮಾತು ಎರಡು ಸಲ ಬಂದದ್ದನ್ನು ಕನ್ನಡಕದವರು ಗಮನಿಸಿದರು. ಕಂಬ ಬಿಟ್ಟರು.

“ಕೆಲಸ ಅರ್ಧಕ್ಕೆ ನಿಲ್ಸೋ ಅಧಿಕಾರ ನನಗಿಲ್ಲಮ್ಮ” ಎಂದರು ಅಧಿಕಾರಿ.

“ಶುರು ಮಾಡೋ ಅಧಿಕಾರ ಯಾರು ಕೊಟ್ರೋ ಅವರನ್ನೇ ಹೋಗಿ ಕೇಳಿ.”

“ಅಕ್ಕ, ಉಳಿದ ಅರ್ಧಕ್ಕೆ ಬೇಕಾದ್ರೆ ನಾನು ಟೈಲ್ಸ್...”

“ನೀನು ಬಾಯಿ ಮುಚ್ಕೊಂಡು ಚೀಲ ಒಳಗಿಡು.”

ಭಾವಮೈದ ಸಂಜೆಯ ರೈಲಿಗೆ ಒಬ್ಬನೇ ಹೋದ. ಮರುದಿನ ಕನ್ನಡಕದವರು ಮೇಸ್ತ್ರಿಯನ್ನು ಕರೆಸಿ ಹಳದಿ ಅರ್ಧವನ್ನು ಕೀಳಲು ಎಷ್ಟಾಗುತ್ತದೆ ಎಂದು ಕೇಳಿದರು. ಈ ಸಲ ದರ ಅವನಿಗೆ ಗೊತ್ತಿತ್ತು. ಹೆಂಡತಿ ಬಾಗಿಲಿಗೆ ಬಂದು, ಆ ಅರ್ಧವನ್ನು ಮುಟ್ಟಿದರೆ ಇನ್ನರ್ಧಕ್ಕೆ ತಾವೇ ಗಾರೆ ಹಾಕುವುದಾಗಿ ತಿಳಿಸಿದರು. ಮೇಸ್ತ್ರಿ ಟೀ ಕುಡಿದು ಹೊರಟ.

ಗುರುವಾರ ಲಾರಿ ಬಂತು. ಮಲಗುವ ಕೋಣೆ ಹಳದಿ ಅರ್ಧದಲ್ಲಿದೆ. ಕನ್ನಡಕದವರ ಓದುವ ಕುರ್ಚಿ ಇಟ್ಟಿಗೆಯ ಅರ್ಧದಲ್ಲಿದೆ.

ಮುಂದಿನ ತಿಂಗಳು ನಿಲ್ದಾಣದ ಎದುರಿನ ಫಲಕದ ಚಿತ್ರ ಬದಲಾಯಿತು. ಆ ಶನಿವಾರದಿಂದ ಎರಡು ಮನೆಗಳ ನಡುವೆ ಬೆಳೆದ ಬದ್ಧದ್ವೇಷದಿಂದ ಬೇಸತ್ತ ನವೀಕರಣ ವಿಭಾಗ, ಎರಡೂ ಸ್ಥಿತಿಗಳನ್ನು ಒಂದರಲ್ಲೇ ತೋರಿಸುವ ಮನೆಯೊಂದು ಊರಿನಲ್ಲಿರುವುದನ್ನು ಕಂಡುಕೊಂಡಿತ್ತು. ಈಗ ಅಲ್ಲಿರುವುದು ಒಂದೇ ಚಿತ್ರ, ಫಲಕದ ಅಗಲಕ್ಕೂ. ಆದರೆ ಗಾರೆಯವರು ಕೆಲಸ ಶುರು ಮಾಡಿದ್ದು ಎಡಗಡೆಯಿಂದ. ಮೇಲಿನ ಅಕ್ಷರಗಳಿಗೆ ಬೆಸುಗೆ ಹಾಕಿದ್ದರಿಂದ ಅವನ್ನು ಅದಲುಬದಲು ಮಾಡಲಾಗಲಿಲ್ಲ. ಹಾಗಾಗಿ ನುಣುಪಾದ ಹಳದಿ ಗೋಡೆ ‘ಅಂದು’ವಿನ ಕೆಳಗೂ, ಇಟ್ಟಿಗೆ ಮತ್ತು ತುಕ್ಕು ‘ಇಂದು’ವಿನ ಕೆಳಗೂ ಬಂದಿವೆ.

ಕನ್ನಡಕದವರು ಬೆಳಿಗ್ಗೆ ಅಂಗಡಿಗೆ ನಿಲ್ದಾಣದ ದಾರಿಯಿಂದಲೇ ಹೋಗುತ್ತಾರೆ. ಅದು ಸುತ್ತುದಾರಿ. ನಿವೃತ್ತ ಕಂಡಕ್ಟರರು ಸೋಮವಾರ ನಗರಸಭೆಯ ಮೂರನೇ ಮಹಡಿ ಹತ್ತಿ, ತಮ್ಮ ಮನೆಯನ್ನು ತೆಗೆದದ್ದಕ್ಕೆ ದೂರು ಕೊಟ್ಟು ಬಂದರು.